ಮೇಷ್ಟ್ರು ಕೊಟ್ಟ ಹೊಂಗೆ ಕೊಂಬೆ ಚಿತ್ರ: ಲ್ಯಾಮಿನೇಶನ್ ಮಾಡಿಸ್ಲಾ? ಕೆಳಗಿನ ಬರಹ ಕತ್ತರಿಸ್ಲಾ?

ಗುಬ್ಬಿಗೇಟ್‌ನವನು:

ಎಲ್ರಿಗೂ ನಮಸ್ಕಾರ. ಚಿತ್ರಕಲೆ ಬಗ್ಗೆ ನಂಗೆ ಏನೂ ಗೊತ್ತಿಲ್ಲ ಅಂತ ಮೊದ್ಲೇ ಹೇಳ್ಬಿಡ್ತೀನಿ, ಆಮೇಲೆ ಬೈಬೇಡಿ.

ನಮ್ಮ ಮನೆ ಗೃಹಪ್ರವೇಶಕ್ಕೆ ನಾಲ್ಕು ಗೋಡೆ ಗಡಿಯಾರ, ಎರಡು ತಿಮ್ಮಪ್ಪನ ಫೋಟೋ, ಮೂರು ಕುಕ್ಕರ್ ಬಂದಿದ್ವು. ಹೈಸ್ಕೂಲಲ್ಲಿ ನಂಗೆ ಡ್ರಾಯಿಂಗ್ ಹೇಳ್ಕೊಟ್ಟ ಮೇಷ್ಟ್ರೂ ಬಂದಿದ್ರು, ರಿಟೈರ್ ಆಗಿ ಸುಮಾರು ವರ್ಷ ಆಯ್ತು. ಒಬ್ಬಟ್ಟು ಊಟ ಮಾಡಿ ಹೋಗೋವಾಗ ಕೈಗೆ ಒಂದು ಕವರ್ ಇಟ್ರು, ನಾನು ಮುಯ್ಯಿ ದುಡ್ಡು ಅನ್ಕೊಂಡು ಪಂಚೆ ಸೊಂಟಕ್ಕೆ ಸಿಕ್ಕಿಸ್ಕೊಂಡೆ. ರಾತ್ರಿ ತೆಗೆದು ನೋಡಿದ್ರೆ ಒಂದು ಚಿತ್ರ. ನೋಟ್‌ಬುಕ್ ಹಾಳೆಗಿಂತ ಸ್ವಲ್ಪ ಚಿಕ್ಕದು. ಬೀರು ಒಳಗೆ ಇಟ್ಟೆ, ಅಷ್ಟೇ, ಮರ್ತೇಹೋಯ್ತು.

ಹೋದ ವಾರ ಖಾತೆ ಪತ್ರ ಹುಡುಕ್ತಾ ಇದ್ದಾಗ ಸಿಕ್ತು. ಕರೆಂಟ್ ಬೇರೆ ಹೋಗಿತ್ತು, ಕಿಟಕಿ ಹತ್ರ ತಗೊಂಡ್ ಹೋಗಿ ಹಿಡ್ಕೊಂಡೆ, ಕರೆಂಟ್ ಬಂದ್ಮೇಲೂ ಅಲ್ಲೇ ನಿಂತಿದ್ನಂತೆ, ನಮ್ಮನೆಯವ್ರು ಹೇಳಿದ್ದು. ಏನಿದೆ ಅಂತ ಹೇಳ್ತೀನಿ, ಫೋಟೋ ಹಾಕಿದ್ದೀನಿ ಆದ್ರೂ ಫೋನಲ್ಲಿ ಸರಿಯಾಗಿ ಬಂದಿಲ್ಲ. ಬಲಗಡೆಯಿಂದ ಒಂದು ಹೊಂಗೆ ಕೊಂಬೆ ಬಗ್ಗಿ ಬಂದಿದೆ, ಪೆನ್ಸಿಲ್‌ನಲ್ಲಿ. ಅದಕ್ಕೆ ಮೂರು ಕಡ್ಡಿ ಚಿಗುರೆಲೆ, ಒಂದು ಮೊಗ್ಗಿನ ತೆನೆ, ಹೋದ ವರ್ಷದ್ದಿರ್ಬೇಕು ಒಂದು ಒಣ ಕಾಯಿ. ಕೆಲವು ಎಲೆಗೆ ಮಾತ್ರ ಬಣ್ಣ. ಹಿಂದೆ ದೂರದಲ್ಲಿ ಬೆಟ್ಟದ ಗೆರೆ, ಇದೆಯೋ ಇಲ್ವೋ ಅನ್ನೋ ಹಂಗೆ. ಎಡಗಡೆ ಕೆಳಗೆ ತಿಳಿ ನೀಲಿ ಬೂದಿ ಬಣ್ಣದ್ದು ಏನೋ ಹರಡ್ಕೊಂಡಿದೆ, ಕೆರೆ ಅನ್ಸುತ್ತೆ. ಮಿಕ್ಕಿದ್ದೆಲ್ಲ ಖಾಲಿ ಕಾಗದ. ತೀರಾ ಕೆಳಗೆ ಪೆನ್ಸಿಲಲ್ಲಿ ಸಣ್ಣದಾಗಿ "ಮೈದಾಳ ಕೆರೆ ಏರಿ, 17-3-19, ಬೆ. 7-40, ಗಾಳಿ" ಅಂತ ಬರೆದವ್ರೆ.

ಫ್ರೇಮ್ ಹಾಕ್ಸೋಣ ಅಂತ ಒಂದು ಅಂಗಡಿಗೆ ತಗೊಂಡ್ ಹೋದ್ರೆ ಅವ್ರು "ಲ್ಯಾಮಿನೇಶನ್ ಮಾಡಿ ಹಾಕ್ಬಿಡೋಣ ಸಾರ್, ನೂರು ವರ್ಷ ಏನೂ ಆಗಲ್ಲ, ಕೆಳಗೆ ಗೀಚಿರೋದ್ನ ಕತ್ತರಿಸಿದ್ರೆ ನೀಟಾಗಿ ಕಾಣುತ್ತೆ" ಅಂದ್ರು. ಯಾಕೋ ಮನಸ್ಸು ಒಪ್ಪಲಿಲ್ಲ, ವಾಪಸ್ ತಂದೆ. ತಿಳಿದವ್ರು ಹೇಳಿ.

ಗಾಜುಕತ್ತರಿ:

ಅಣ್ಣ ದಯವಿಟ್ಟು ಲ್ಯಾಮಿನೇಶನ್ ಬೇಡ. ನಾನೂ ಫ್ರೇಮ್ ಕೆಲಸದವನೇ, ಕೋಲಾರ. ಲ್ಯಾಮಿನೇಶನ್ ಅಂದ್ರೆ ಬಿಸಿ ಮಾಡಿ ಪ್ಲಾಸ್ಟಿಕ್ಕನ್ನ ಕಾಗದಕ್ಕೆ ಅಂಟಿಸೋದು, ಒಂದ್ಸಲ ಅಂಟಿದ್ರೆ ಮುಗೀತು, ಆಮೇಲೆ ಬಿಡಿಸೋಕೆ ಹೋದ್ರೆ ಕಾಗದನೇ ಕಿತ್ತು ಬರುತ್ತೆ. ಪೆನ್ಸಿಲ್ ಗೆರೆ ಮೇಲೆ ಪ್ಲಾಸ್ಟಿಕ್ ಹೊಳಪು ಕೂತ್ರೆ ಮದುವೆ ಮೆನು ಕಾರ್ಡ್ ಥರ ಕಾಣುತ್ತೆ. ಆಧಾರ್ ಕಾರ್ಡಿಗೆ ಮಾಡ್ಸಿ, ಇದಕ್ಕೆ ಬೇಡ. ಕತ್ತರಿಸೋದೂ ಬೇಡ. ಅಳತೆ ಹೇಳಿ, ಹೆಂಗೆ ಮಾಡಿಸ್ಬೇಕು ಅಂತ ಆಮೇಲೆ ಪೂರ್ತಿ ಬರೀತೀನಿ, ಈಗ ಅಂಗಡೀಲಿ ಗಿರಾಕಿ ಅವ್ರೆ.

ಕೊಬ್ಬರಿಸೀಮೆ:

ಬೇಜಾರ್ ಮಾಡ್ಕೋಬೇಡಿ ಬ್ರದರ್, ಮುಚ್ಚುಮರೆ ಇಲ್ದೆ ಹೇಳ್ತೀನಿ. ಇದು ಅರ್ಧಕ್ಕೆ ಬಿಟ್ಟಿರೋ ಚಿತ್ರ. ನಾಲ್ಕೈದು ಎಲೆಗೆ ಬಣ್ಣ ಬಳಿದವ್ರೆ, ಮಿಕ್ಕಿದ್ದಕ್ಕೆ ಕೈ ಹಾಕಿಲ್ಲ. ನಮ್ಮ ತಿಪಟೂರಲ್ಲಿ ಮನೆಗೆ ಸುಣ್ಣ ಹೊಡೆಯೋನು ಹಿಂಗೆ ಅರ್ಧ ಗೋಡೆ ಬಿಟ್ಟು ಹೋದ್ರೆ ಕೂಲಿ ಕೊಡ್ತೀವಾ? ಮೇಷ್ಟ್ರು ಅನ್ನೋ ಗೌರವ ಬೇರೆ, ಚಿತ್ರ ಬೇರೆ. ಇದೇ ಕೊಂಬೆನ ಫೋನಲ್ಲಿ ಕ್ಲಿಕ್ ಮಾಡಿದ್ರೆ ಒಂದೊಂದು ನರ ಕಾಣುತ್ತೆ.

ಹುಣಸೆಮರದಡಿ:

ಕೊಬ್ಬರಿಸೀಮೆ ಅಣ್ಣ, ಸುಣ್ಣದ ಲೆಕ್ಕ ಇಲ್ಲಿ ನಡೆಯಲ್ಲ 😄 ನಾನು ಶಿರಾ ಕಡೆಯವಳು, ಏಳೆಂಟು ವರ್ಷದಿಂದ ನಾನೂ ಹಿಂಗೇ ಹೊರಗೆ ಕೂತು ಬರೀತೀನಿ, ದೊಡ್ಡ ಕಲಾವಿದೆ ಏನಲ್ಲ, ಆದ್ರೆ ಈ ಫೋಟೋ ಝೂಮ್ ಮಾಡಿ ಅರ್ಧ ಗಂಟೆ ನೋಡಿದ್ದೀನಿ, ಅದಕ್ಕೇ ಉದ್ದಕ್ಕೆ ಬರೀತಾ ಇದ್ದೀನಿ, ಸಹಿಸ್ಕೊಳ್ಳಿ.

ಮೊದ್ಲು ಆ ಕೊಂಬೆ ಗೆರೆ ನೋಡಿ. ಬಲಗಡೆ ಮೇಲೆ ಶುರುವಾಗೋ ಕಡೆ ಪೆನ್ಸಿಲ್ ಒತ್ತಿದ್ದಾರೆ, ಗಂಟು ಇರೋ ಕಡೆ ಇನ್ನೊಂದು ಸಲ ತಿದ್ದಿದ್ದಾರೆ, ಆಮೇಲೆ ತುದಿಗೆ ಬರ್ತಾ ಬರ್ತಾ ಕೈ ಹಗುರ ಆಗಿ ಕೊನೆ ಒಂದಿಂಚಲ್ಲಿ ಗೆರೆ ಎರಡು ಕಡೆ ಕಟ್ ಆಗಿದೆ. ಕಟ್ ಆದ್ರೂ ನಮ್ಮ ಕಣ್ಣು ಅದನ್ನ ಸೇರಿಸ್ಕೊಂಡೇ ಓದುತ್ತೆ. ಬಿಸಿಲು ಬಿದ್ದಿರೋ ಕಡೆ ಕಡ್ಡಿ ಅಂಚು ಕಾಣಲ್ಲ ಅಲ್ವಾ, ಅದಕ್ಕೆ ಅಲ್ಲಿ ಗೆರೆನೇ ಹಾಕಿಲ್ಲ. ಎಚ್‌ಬಿ ಪೆನ್ಸಿಲ್ ಇರ್ಬೇಕು. ಮೆತ್ತಗಿರೋ 6ಬಿ ಆಗಿದ್ರೆ ನೀರು ತಾಗಿದ ತಕ್ಷಣ ಕಪ್ಪು ಕದಡ್ಕೊಂಡು ಹಸಿರು ಕೊಳೆ ಆಗ್ತಿತ್ತು, ಗಟ್ಟಿ ಇರೋ 2ಎಚ್ ಆಗಿದ್ರೆ ಕಾಗದದ ಮೇಲೆ ಗೀರು ಬಿದ್ದು ಬಣ್ಣ ಆ ಗೀರಲ್ಲಿ ಹೋಗಿ ಕೂರ್ತಿತ್ತು.

ಆಮೇಲೆ ಜಲವರ್ಣದಲ್ಲಿ ಬಿಳಿ ಅನ್ನೋದು ಡಬ್ಬೀಲಿ ಇರಲ್ಲ, ಕಾಗದದಲ್ಲೇ ಇರುತ್ತೆ. ಡಬ್ಬೀಲಿ ಬಿಳಿ ಬಿಲ್ಲೆ ಒಂದು ಇರುತ್ತೆ ನಿಜ, ಹಾಕಿದ್ರೆ ಬಣ್ಣ ಸುಣ್ಣ ಕಲ್ಸಿದಂಗೆ ಮಂಕಾಗುತ್ತೆ (ನೋಡಿ ಸುಣ್ಣ ಬಂತು). ಹಂಗಾಗಿ ಬೆಳಕು ಎಲ್ಲಿ ಬೇಕೋ ಅಲ್ಲಿ ಮುಟ್ಟದೇ ಬಿಡ್ಬೇಕು, ಎಲ್ಲಿ ಬಿಡ್ಬೇಕು ಅಂತ ಬ್ರಷ್ ಒದ್ದೆ ಮಾಡೋಕೆ ಮುಂಚೆನೇ ತೀರ್ಮಾನ ಆಗಿರ್ಬೇಕು. ಹೊಂಗೆ ಚಿಗುರು ಎಣ್ಣೆ ಸವರಿದಂಗೆ ಹೊಳೆಯುತ್ತೆ, ಆ ಹೊಳಪಿಗೆ ಮೇಷ್ಟ್ರು ಮಧ್ಯದ ಎಲೇಲಿ ಒಂದು ಅಕ್ಕಿ ಕಾಳಿನಷ್ಟು ಜಾಗ ಬಿಟ್ಟಿದ್ದಾರೆ. ಅಷ್ಟೇ. ನಾನಾಗಿದ್ರೆ ಆ ಜಾಗ ಮುಚ್ಚಿ ಹಾಕಿ ಆಮೇಲೆ ಟಿಶ್ಯೂ ಪೇಪರ್ ತಗೊಂಡು ಒತ್ತಿ ಒತ್ತಿ ಬಣ್ಣ ತೆಗೀತಾ ಕೂತಿರ್ತಿದ್ದೆ.

ಇನ್ನೊಂದು. ಬಣ್ಣ ಒಣಗಿದ್ಮೇಲೆ ಅದರ ಕೆಳಗಿನ ಪೆನ್ಸಿಲ್ ಗೆರೆ ಅಳಿಸೋಕೆ ಆಗಲ್ಲ, ಅಲ್ಲೇ ಕೂತ್ಬಿಡುತ್ತೆ. ಅಂದ್ರೆ ಎಲ್ಲೆಲ್ಲಿ ಕೈ ತಡವರಿಸಿದೆ, ಎಲ್ಲಿ ಗೆರೆ ಬದಲಾಯಿಸಿದ್ದಾರೆ ಎಲ್ಲಾ ಕಾಣುತ್ತೆ. ಒಣ ಕಾಯಿ ಪಕ್ಕ ನೋಡಿ, ಮೊದ್ಲು ಸ್ವಲ್ಪ ಮೇಲೆ ಹಾಕಿ ಆಮೇಲೆ ಕೆಳಗೆ ಇಳಿಸಿದ್ದಾರೆ, ಗಾಳಿಗೆ ಆಡ್ತಿತ್ತೇನೋ, ಎರಡೂ ಗೆರೆ ಹಂಗೇ ಬಿಟ್ಟವ್ರೆ. ನಂಗೆ ಇಡೀ ಚಿತ್ರದಲ್ಲಿ ಅದೇ ಜೀವ ಅನ್ನಿಸ್ತು.

ಕೊಬ್ಬರಿಸೀಮೆ:

ಅಕ್ಕ ನೀವು ಹೇಳಿದ್ಮೇಲೆ ಝೂಮ್ ಮಾಡಿದೆ, ಅಕ್ಕಿ ಕಾಳು ಕಾಣ್ತು. ಆದ್ರೂ ನನ್ನ ಪ್ರಶ್ನೆ ಪ್ರಶ್ನೆನೇ. ಫೋಟೋದಲ್ಲಿ ಇಲ್ದೇ ಇರೋದು ಇದರಲ್ಲಿ ಏನಿದೆ?

ಹುಣಸೆಮರದಡಿ:

ಒಂದು ಅನುಭವ ಹೇಳ್ತೀನಿ. ನಮ್ಮ ಹತ್ರ ಕಗ್ಗಲಡು ಇದೆಯಲ್ಲ, ಊರೊಳಗಿನ ಹುಣಸೆ ಮರದಲ್ಲೇ ಬಣ್ಣದ ಕೊಕ್ಕರೆ ಗೂಡು ಕಟ್ತವೆ, ಕೆಳಗೆ ಜನ ದನ ಕಟ್ಕೊಂಡು ಓಡಾಡ್ತಿರ್ತಾರೆ. ಒಂದ್ಸಲ ಮಾರ್ಚಲ್ಲಿ ಹೋಗಿದ್ವಿ, ನನ್ನ ಜೊತೆ ಬಂದೋಳು ಫೋನಲ್ಲಿ ಇನ್ನೂರು ಮುನ್ನೂರು ಫೋಟೋ ತೆಗೆದ್ಳು. ನಾನು ಮೂರು ಗಂಟೆ ಕೂತು ಒಂದೇ ಹಕ್ಕಿ ಬರೆದೆ, ಅದೂ ಕಾಲು ಗಿಡ್ಡ ಆಯ್ತು. ಆದ್ರೆ ಬರೀತಾ ಕೂತಾಗ್ಲೇ ನಂಗೆ ಗೊತ್ತಾಗಿದ್ದು, ಆ ಹಕ್ಕಿ ಗುಲಾಬಿ ಬಣ್ಣ ಮೈಯೆಲ್ಲ ಇಲ್ಲ, ರೆಕ್ಕೆ ಮಡಚಿದಾಗ ಹಿಂಭಾಗದಲ್ಲಿ ಬಾಲದ ಹತ್ರ ಮಾತ್ರ, ಯಾರೋ ಓಕುಳಿ ಎರಚಿದಂಗೆ. ಅಷ್ಟು ವರ್ಷದಿಂದ ನೋಡಿದ್ದೀನಿ, ಗಮನಿಸಿರ್ಲಿಲ್ಲ. ಅವಳನ್ನ ವಾಪಸ್ ಬರ್ತಾ ಬಸ್ಸಲ್ಲಿ ಕೇಳಿದೆ ಗುಲಾಬಿ ಎಲ್ಲಿದೆ ಹೇಳು ಅಂತ, ಫೋನ್ ತೆಗೆದು ನೋಡಿ ಹೇಳಿದ್ಳು. ಫೋಟೋ ಕೆಟ್ಟದ್ದು ಅಂತಲ್ಲ ಅಣ್ಣ, ಫೋಟೋ ಎಲ್ಲದನ್ನೂ ಹಿಡಿಯುತ್ತೆ, ಇದು ಒಬ್ಬ ಮನುಷ್ಯ ಅವತ್ತು ಬೆಳಗ್ಗೆ ಏನು ನೋಡಿದ ಅನ್ನೋದಷ್ಟನ್ನೇ ಹಿಡಿಯುತ್ತೆ.

ಮಾವಿನತೋಪು:

ಶ್ರೀನಿವಾಸಪುರದಿಂದ ಹಾಜರಿ. ನಂಗೆ ಬಣ್ಣ ಅಂದ್ರೆ ಬಣ್ಣ ಇರ್ಬೇಕು ಗುರು, ಬಾದಾಮಿ ಮಾವಿನ ಹಣ್ಣು ಕುಯ್ದಂಗೆ. ನಮ್ಮ ದೊಡ್ಡಬಳ್ಳಾಪುರದ ರುಮಾಲೆ ಚನ್ನಬಸವಯ್ಯನವರ ಚಿತ್ರ ನೋಡಿದ್ದೀರಾ, ಹೂ ಬಿಟ್ಟ ಮರ ಅಂದ್ರೆ ಕ್ಯಾನ್ವಾಸೇ ಹೊತ್ಕೊಂಡು ಉರಿಯೋ ಹಂಗೆ ಇರುತ್ತೆ. ಇದು ಸಾರಿಗೆ ಉಪ್ಪು ಕಮ್ಮಿ ಆದಂಗಿದೆ 🙏

ಅಂತರಗಂಗೆ:

ರುಮಾಲೆಯವ್ರದ್ದು ಒಂದು ರುಚಿ, ಇದೊಂದು ರುಚಿ, ಜಗಳ ಬೇಡ. ನಾನು ಕೋಲಾರದಲ್ಲಿ ಜೀವಶಾಸ್ತ್ರ ಟೀಚರ್. ಚಿತ್ರಕ್ಕಿಂತ ಎಲೆ ನೋಡಿ ನಂಗೆ ಖುಷಿ ಆಯ್ತು, ಯಾಕೆ ಅಂದ್ರೆ ಇದು ಯಾವುದೋ ಒಂದು ಹಸಿರೆಲೆ ಅಲ್ಲ, ಹೊಂಗೆ ಅಂತ ದೂರದಿಂದ್ಲೇ ಗೊತ್ತಾಗುತ್ತೆ.

ಗುಬ್ಬಿಗೇಟ್‌ನವ್ರೇ, ಬಣ್ಣ ಹಾಕಿರೋ ಎಲೆಗಳಲ್ಲಿ ಎಡಗಡೆ ಎರಡನೇದು ನೋಡಿ. ಅದರ ಮೇಲೆ ಬಿಳಿ ಮಚ್ಚೆ ಇದೆಯಲ್ಲ ಹಾವು ಹರಿದಂಗೆ, ಅದು ಬಣ್ಣ ಬಿಟ್ಟುಹೋಗಿರೋದಲ್ಲ. ಹೊಂಗೆ ಎಲೆ ಒಳಗೆ ಒಂದು ಪುಟ್ಟ ಹುಳ ಸೇರ್ಕೊಂಡು ಮೇಲಿನ ಸಿಪ್ಪೆ ಹಂಗೇ ಬಿಟ್ಟು ಒಳಗಿನ ಹಸಿರು ಮಾತ್ರ ತಿಂತಾ ಹೋಗುತ್ತೆ, ಅದು ಹೋದ ದಾರಿ ಬೆಳ್ಳಗೆ ಕಾಣುತ್ತೆ. ಇನ್ನೊಂದು ಎಲೆ ಮೇಲೆ ಪೆನ್ಸಿಲಲ್ಲಿ ಸಣ್ಣ ಸಣ್ಣ ಬೊಬ್ಬೆ ಹಾಕಿದ್ದಾರಲ್ಲ, ಅದು ನುಸಿಯಿಂದ ಆಗೋ ಗಂಟು, ಹೊಂಗೆ ಎಲೆ ತಡವಿ ನೋಡಿದ್ರೆ ಕೈಗೆ ನರುಲಿ ಥರ ಸಿಗುತ್ತೆ. ಚಿತ್ರ ಚಂದ ಕಾಣ್ಲಿ ಅನ್ನೋರು ಇದೆರಡನ್ನೂ ಹಾಕ್ತಿರ್ಲಿಲ್ಲ.

ಬಣ್ಣನೂ ಸರಿ ಇದೆ. ಮಾರ್ಚ್ ಅಂದ್ರೆ ಹೊಂಗೆ ಎಲೆ ಉದುರಿಸಿ ಹೊಸದು ಹಾಕೋ ಕಾಲ, ತೀರಾ ಎಳೇದು ಕೆಂಪು ಮಿಶ್ರ ಇರುತ್ತೆ, ಆಮೇಲೆ ತಿಳಿ ಹಸಿರು, ಆಮೇಲೆ ಗಾಢ. ತುದೀಲಿ ಆ ತಾಮ್ರದ ಛಾಯೆ ಬಂದಿದೆ ನೋಡಿ. ಹಳೇ ಕಾಯಿ, ಹೊಸ ಮೊಗ್ಗು ಒಂದೇ ಕೊಂಬೇಲಿ ಇರೋದೂ ಆ ತಿಂಗಳಿಗೆ ಸರಿ.

ಆದ್ರೆ ಒಂದು ತಪ್ಪು. ಹೊಂಗೆ ಎಲೆ ಅಂದ್ರೆ ಒಂದು ಕಡ್ಡಿಗೆ ಬೆಸ ಸಂಖ್ಯೆ ಉಪಎಲೆ ಇರ್ಬೇಕು, ಐದು ಅಥವಾ ಏಳು, ತುದೀಲಿ ಒಂದು ಒಂಟಿ. ಮೇಲಿನ ಎರಡು ಕಡ್ಡಿ ಸರಿ ಇವೆ, ಐದೈದು. ಕೆಳಗಿನ ಕಡ್ಡೀಲಿ ನಾಲ್ಕೇ ಇದೆ. ತುದಿ ಎಲೆನೇ ಇಲ್ಲ. ಪೇಪರ್ ತಿದ್ದೋ ಅಭ್ಯಾಸ, ಅರ್ಧ ಅಂಕ ಕಳೆದೆ 😀

ಗುಬ್ಬಿಗೇಟ್‌ನವನು:

ಮೇಡಂ ನೀವು ಹೇಳಿದ್ದು ಓದಿ ಈಗ ಟಾರ್ಚ್ ಹಾಕ್ಕೊಂಡು, ಅಪ್ಪನ ಪೇಪರ್ ಓದೋ ಭೂತಗನ್ನಡಿ ಹಿಡ್ಕೊಂಡು ನೋಡ್ತಾ ಇದ್ದೀನಿ. ಹುಳದ ದಾರಿ ಕಾಣ್ತಾ ಇದೆ. ಅದನ್ನ ನಾನು ಬೂಷ್ಟು ಅನ್ಕೊಂಡು ಮೊನ್ನೆ ಒದ್ದೆ ಬಟ್ಟೇಲಿ ಒರೆಸೋಕೆ ಹೋಗಿದ್ದೆ, ನಮ್ಮನೆಯವ್ರು ಸುಮ್ನಿರ್ರೀ ಅಂತ ಕೈ ಹಿಡಿದ್ರು, ದೇವ್ರು ದೊಡ್ಡೋನು.

ಆ ನಾಲ್ಕೆಲೆ ಕಡ್ಡಿ ವಿಚಾರ. ಟಾರ್ಚ್ ಪಕ್ಕದಿಂದ ಹಿಡಿದ್ರೆ ತುದೀಲಿ ಐದನೇ ಎಲೆ ಇದೆ!! ಪೆನ್ಸಿಲ್ ಗೆರೆ ಮಾತ್ರ, ಅದೂ ಎಷ್ಟು ತೆಳ್ಳಗೆ ಅಂದ್ರೆ ಫೋಟೋದಲ್ಲಿ ಬಂದೇ ಇಲ್ಲ. ಒಂದು ಕಡೆ ಅಂಚು ಇದೆ, ಇನ್ನೊಂದು ಕಡೆ ಇಲ್ಲ. ಬಣ್ಣ ಹಾಕಿಲ್ಲ. ಯಾಕೆ?

ಅಂತರಗಂಗೆ:

ಹಂಗಾದ್ರೆ ಅರ್ಧ ಅಂಕ ವಾಪಸ್. ಮೇಷ್ಟ್ರಿಗೆ ನನ್ನ ನಮಸ್ಕಾರ ಹೇಳಿ.

ಬೆಟ್ಟದ ಮಂಜು:

ಯಾಕೆ ಅಂತ ನಾನು ಹೇಳ್ತೀನಿ. ಚಿಕ್ಕಬಳ್ಳಾಪುರ ನಂದು, ವಾರಕ್ಕೊಂದು ಸಲ ನಂದಿ ಬೆಟ್ಟಕ್ಕೆ ಸ್ಕೆಚ್ ಬುಕ್ ತಗೊಂಡು ಹೋಗ್ತೀನಿ. ಖಾಲಿ ಬಿಡೋದು ಒಂದು ದೊಡ್ಡ ವಿದ್ಯೆ. ಮೇಷ್ಟ್ರು ಕೆಳಗೆ "ಗಾಳಿ" ಅಂತ ಬರೆದಿದ್ದಾರೆ ಗಮನಿಸಿದ್ರಾ? ಗಾಳೀನ ಬರೆಯೋಕೆ ಆಗಲ್ಲ. ಅದಕ್ಕೆ ಅಲುಗಾಡ್ತಿರೋ ತುದಿ ಎಲೆನ ಬಣ್ಣ ಕೊಡದೇ ಹಾರಿಸಿಬಿಟ್ಟಿದ್ದಾರೆ. ಮೇಲಿನ ಎಲೆ ಗಟ್ಟಿ, ಬರ್ತಾ ಬರ್ತಾ ತೆಳು, ಕೊನೆ ಎಲೆ ಬರೀ ಉಸಿರು.

ಎಡಗಡೆ ಕೆಳಗೆ ಆ ನೀಲಿ ಬೂದು ಇದೆಯಲ್ಲ, ಅದು ಕೆರೆ ಅಲ್ಲ ಅನ್ಸುತ್ತೆ, ಕೆರೆ ಮೇಲಿನ ಬೆಳಗಿನ ಮಂಜು. ಒದ್ದೆ ಕಾಗದದ ಮೇಲೆ ಒದ್ದೆ ಬಣ್ಣ ಬಿಟ್ಟು ತಾನೇ ಹರಡೋಕೆ ಬಿಡೋದು. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಅನ್ನೋ ಕೆಂಪು ಕಂದು ಬಣ್ಣ ಬೆರೆಸಿದ್ರೆ ಇಂಥ ಬೂದು ಬರುತ್ತೆ, ಅಲ್ಟ್ರಾಮರೀನ್ ಕಣ ಕಾಗದದ ತರಿಯಲ್ಲಿ ಕೂತು ಹಿಂಗೆ ಮರಳು ಮರಳಾಗಿ ಕಾಣುತ್ತೆ. ಕೊಂಬೆ ಬಲಗಡೆ ಮೇಲೆ ಭಾರ, ಅದಕ್ಕೆ ಎದುರಾಗಿ ಎಡಗಡೆ ಕೆಳಗೆ ಇದು. ಕಂಪೋಸಿಷನ್ ಅಂದ್ರೆ ಇದು.

ನಮ್ಮ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಕೆ. ವೆಂಕಟಪ್ಪನವರ ಗ್ಯಾಲರಿ ಇದೆ, ಊಟಿ ಕೊಡೈಕೆನಾಲ್ ಜಲವರ್ಣಕ್ಕೇ ಹೆಸರಾದೋರು ಅವ್ರು, 1886ರಲ್ಲಿ ಹುಟ್ಟಿ 1965ರಲ್ಲಿ ಹೋದ್ರು, ಕಲ್ಕತ್ತಾದಲ್ಲಿ ಅವನೀಂದ್ರನಾಥ ಟಾಗೋರರ ಶಿಷ್ಯ. ಅವ್ರದ್ದು ತುಂಬಿ ತುಂಬಿ ಮಾಡೋ ಕೆಲಸ, ಒಂದೊಂದು ಅಂಗುಲಕ್ಕೂ ತಾಳ್ಮೆ. ಮೇಷ್ಟ್ರದ್ದು ಉಲ್ಟಾ, ಬಿಟ್ಟು ಬಿಟ್ಟು ಮಾಡೋದು. ಆದ್ರೆ ಎರಡರಲ್ಲೂ ಅವಸರ ಇಲ್ಲ.

ಹುಣಸೆಮರದಡಿ:

ಮಂಜು ಅವ್ರೇ ಎಲೆ ವಿಚಾರ ಚೆನ್ನಾಗಿ ಹೇಳಿದ್ರಿ. ಆದ್ರೆ ಆ ಬೂದು ಮಂಜು ಅಂತ ನಂಗೆ ಅನ್ನಿಸ್ತಿಲ್ಲ. ಅದರ ಅಂಚು ನೋಡಿ, ಗಟ್ಟಿಯಾಗಿದೆ, ಒಳಗೆ ತಿಳಿ, ಅಂಚಲ್ಲಿ ಗಾಢ, ಕಾಫಿ ಲೋಟ ಇಟ್ಟ ಕಲೆ ಥರ. ಒದ್ದೆ ಮೇಲೆ ಒದ್ದೆ ಬಿಟ್ರೆ ಅಂಚೇ ಇರಲ್ಲ, ಕರಗಿಹೋಗುತ್ತೆ. ಅಲ್ಲೊಂದು ಕಡೆ ಬೆಟ್ಟದ ಪೆನ್ಸಿಲ್ ಗೆರೆ ಮೇಲೇನೇ ಹಾದುಹೋಗಿದೆ, ಬೇಕು ಅಂತ ಮಾಡೋರು ಹಂಗೆ ಹಾಯಿಸಲ್ಲ. ಏನೋ ಇದೆ.

ಬೆಟ್ಟದ ಮಂಜು:

ಅದು ಕಲಾವಿದನ ಸ್ವಾತಂತ್ರ್ಯ ಮೇಡಂ. ಎಲ್ಲದಕ್ಕೂ ರೂಲ್ಸ್ ಹುಡುಕಿದ್ರೆ ಹೆಂಗೆ. ನಂದೀಲಿ ಡಿಸೆಂಬರ್ ಬೆಳಗ್ಗೆ ಹೋಗಿ ನೋಡಿ, 1478 ಮೀಟರ್ ಎತ್ತರ, ಮೋಡ ಬಂದು ಕಾಗದದ ಮೇಲೇ ಕೂರುತ್ತೆ, ಹಾಕಿದ ಬಣ್ಣ ಒಂದು ಗಂಟೆ ಆದ್ರೂ ಒಣಗಲ್ಲ, ಎಲ್ಲಾ ಅಂಚೂ ತಾನೇ ತೀರ್ಮಾನ ಮಾಡ್ಕೊಳ್ಳುತ್ತೆ. ಅಲ್ಲಿ ಹಳದಿ ಕೊರಳಿನ ಪಿಕಳಾರ ಹಕ್ಕಿ ಬರೆಯೋಕೆ ಎಷ್ಟು ಸಲ ಕೂತಿದ್ದೀನೋ, ಬಂಡೆ ಸಂದಿ ಪೊದೇಲಿ ಒಂದು ಕ್ಷಣ ಹಳದಿ ತೋರಿಸಿ ಹೋಗುತ್ತೆ, ನನ್ನ ಕಾಗದದಲ್ಲಿ ಹಳದಿ ಇಳಿದು ಹೊಟ್ಟೆವರೆಗೂ ಬಂದಿರುತ್ತೆ.

ಹುಣಸೆಮರದಡಿ:

ಹಹ, ನಿಮಗೆ ಒಣಗಲ್ಲ ಅನ್ನೋ ಕಷ್ಟ, ನಮಗೆ ಒಣಗೇಹೋಗುತ್ತೆ ಅನ್ನೋ ಕಷ್ಟ. ಶಿರಾ ಬಿಸಿಲಲ್ಲಿ ಏಪ್ರಿಲ್ ಹತ್ತು ಗಂಟೆಗೆ ಆಕಾಶಕ್ಕೆ ಒಂದು ಕಡೆಯಿಂದ ನೀಲಿ ಎಳ್ಕೊಂಡು ಹೋದ್ರೆ ಇನ್ನೊಂದು ಕಡೆ ಮುಟ್ಟೋಷ್ಟರಲ್ಲಿ ಮೊದಲ ಕಡೆ ಒಣಗಿ ಪಟ್ಟೆ ಬಿದ್ದಿರುತ್ತೆ. ಅದಕ್ಕೇ ಈ ಕಡೆಯೋರು ಬೆಳಗ್ಗೆ ಏಳು ಎಂಟಕ್ಕೇ ಮುಗಿಸ್ಕೊಳ್ಳೋದು. ಮೇಷ್ಟ್ರು 7-40 ಅಂತ ಬರೆದಿರೋದು ಸುಮ್ನೆ ಅಲ್ಲ.

ಕೊಬ್ಬರಿಸೀಮೆ:

ಅಲ್ರಪ್ಪ, ಮೇಷ್ಟ್ರು ಬದುಕವ್ರೆ ತಾನೇ? ಇಲ್ಲಿ ಕೂತು ಜಾತಕ ಬರೆಯೋ ಬದ್ಲು ಫೋನ್ ಮಾಡಿ ಕೇಳ್ಬಾರ್ದಾ?

ಮಾವಿನತೋಪು:

🤣🤣 ಇಡೀ ಥ್ರೆಡ್ಡಲ್ಲಿ ಒಂದೇ ಬುದ್ಧಿವಂತಿಕೆ ಮಾತು.

ಗಾಜುಕತ್ತರಿ:

ಫೋನ್ ಮಾಡೋದ್ರೊಳಗೆ ನನ್ನ ಪಾಲಿನದ್ದು ಬರ್ದುಬಿಡ್ತೀನಿ. ಚಿತ್ರದ ಸುತ್ತ ಮೌಂಟ್ ಬೋರ್ಡ್ ಹಾಕಿಸ್ಬೇಕು, ಅಂದ್ರೆ ಮಧ್ಯ ಕಿಟಕಿ ಕೊರೆದಿರೋ ದಪ್ಪ ರಟ್ಟು. ಅದು ಬರೀ ಅಂದಕ್ಕಲ್ಲ, ಗಾಜು ಚಿತ್ರಕ್ಕೆ ತಾಗ್ದಂಗೆ ಸಂದು ಇಡೋಕೆ. ಗಾಜು ತಾಗಿದ್ರೆ ಮಳೆಗಾಲದಲ್ಲಿ ಒಳಗೆ ಬೆವರು ಕಟ್ಟಿ ಬೂಷ್ಟು ಬರುತ್ತೆ, ಕಾಗದ ಗಾಜಿಗೆ ಅಂಟ್ಕೊಳ್ಳುತ್ತೆ. ರಟ್ಟು ಆಸಿಡ್ ಫ್ರೀ ಅಂತ ಕೇಳಿ ತಗೊಳ್ಳಿ, ಮಾಮೂಲಿ ರಟ್ಟಾದ್ರೆ ಕೆಲವು ವರ್ಷಕ್ಕೆ ಚಿತ್ರದ ಸುತ್ತ ಟೀ ಬಣ್ಣದ ಗೆರೆ ಬರುತ್ತೆ. ಹಿಂದುಗಡೆ ಫೆವಿಕಾಲ್ ಬಳಿಯೋಕೆ ಬಿಡ್ಬೇಡಿ, ಸೆಲ್ಲೋಟೇಪ್ ಅಂತೂ ಬೇಡ್ವೇ ಬೇಡ, ಹಳದಿ ಆಗಿ ಆ ಅಂಟು ಈ ಕಡೆ ಇಳಿಯುತ್ತೆ. ಮೇಲಿನ ಎರಡು ಮೂಲೇಲಿ ಮಾತ್ರ ತೆಳು ಕಾಗದದ ಪಟ್ಟಿ, ಮೈದಾ ಗಂಜಿ. ನಮ್ಮ ತಾತ ಅದೇ ಮಾಡ್ತಿದ್ದ. ಕಾಗದ ತೂಗಾಡ್ಕೊಂಡಿರ್ಬೇಕು, ಹವಾ ಬದಲಾದಂಗೆ ಅದು ಸ್ವಲ್ಪ ಹಿಗ್ಗುತ್ತೆ ಕುಗ್ಗುತ್ತೆ, ನಾಲ್ಕೂ ಕಡೆ ಅಂಟಿಸಿದ್ರೆ ಹಪ್ಪಳ ಆಗುತ್ತೆ.

ಕಿಟಕಿ ಕೊರೆಯೋವಾಗ ಕೆಳಗಿನ ಬರಹನೂ ಒಳಗೆ ಬರೋ ಹಂಗೆ ಕೊರೆಸಿ. ಆಮೇಲೆ ಬಿಸಿಲು ಬೀಳೋ ಗೋಡೆಗೆ ಹಾಕ್ಬೇಡಿ. ಪೆನ್ಸಿಲ್‌ಗೆ ಏನೂ ಆಗಲ್ಲ, ಬಣ್ಣ ಹಾರುತ್ತೆ, ಕೆಲವು ಕೆಂಪು ಅಂತೂ ಬೇಗ. ನಮ್ಮ ಅಂಗಡೀಲಿ ಈ ಸೈಜಿಗೆ 600–700 ಆಗುತ್ತೆ, ನಿಮ್ಮ ಕಡೆ ಎಷ್ಟೋ.

ಅಂತರಗಂಗೆ:

ಬರಹ ಉಳಿಸಿ ಅಂದಿದ್ದಕ್ಕೆ ಥ್ಯಾಂಕ್ಸ್. ಜಾಗ, ತಾರೀಖು, ಹೊತ್ತು, ಗಾಳಿ ಇತ್ತು ಅನ್ನೋದು, ನಾವು ಮಕ್ಕಳಿಗೆ ಫೀಲ್ಡ್ ನೋಟ್ಸ್ ಬರೀರಿ ಅಂತ ಬಡ್ಕೊಳ್ಳೋದು ಇದನ್ನೇ. ಮುಂದೆ ಯಾರಾದ್ರೂ ಮೈದಾಳದ ಹತ್ರ ಹೊಂಗೆ ಯಾವಾಗ ಚಿಗುರುತ್ತಿತ್ತು ಅಂತ ಕೇಳಿದ್ರೆ 2019ರ ಮಾರ್ಚ್ 17ಕ್ಕೆ ಇಷ್ಟು ಚಿಗುರಿತ್ತು ಅಂತ ಈ ಕಾಗದ ಹೇಳುತ್ತೆ. ನಾನು ಚಿಕ್ಕವಳಿದ್ದಾಗ ಡ್ರಾಯಿಂಗ್ ಲೋಯರ್ ಗ್ರೇಡ್ ಪರೀಕ್ಷೆಗೆ ದಾಸವಾಳ ಕೊಂಬೆ ಕೊಟ್ಟಿದ್ರು, ನಾನು ಎದುರಿಗಿದ್ದ ದಾಸವಾಳ ಬಿಟ್ಟು ಬಾಯಿಪಾಠ ಮಾಡಿದ್ದ ದಾಸವಾಳ ಬರೆದು ಬಂದಿದ್ದೆ. ಪಾಸೇನೋ ಆದೆ.

ಗುಬ್ಬಿಗೇಟ್‌ನವನು:

ಎಲ್ರೂ ಕೂತ್ಕೊಳ್ಳಿ. ಫೋನ್ ಮಾಡಿದ್ದೆ. ಮಾತಾಡಿದ್ದು ಹಂಗೇ ಬರೀತೀನಿ.

ಮೊದ್ಲು ಮನೆ ಹೆಂಗಿದೆ, ಬೋರ್‌ನಲ್ಲಿ ನೀರು ಬರುತ್ತಾ, ಮಗು ಶಾಲೆಗೆ ಸೇರ್ತಾ ಎಲ್ಲಾ ಆಯ್ತು. ಆಮೇಲೆ ನಾನು, ಸಾರ್ ಆ ಹೊಂಗೆ ಚಿತ್ರದಲ್ಲಿ ಕೆಳಗಿನ ಕಡ್ಡಿ ತುದಿ ಎಲೆಗೆ ಬಣ್ಣ ಹಾಕಿಲ್ವಲ್ಲ ಯಾಕೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ "ಯಾವುದೋ, ಮೈದಾಳದ್ದಾ? ಅಯ್ಯೋ ಅವತ್ತು ಕುರಿ ಬಂತು ಕಣೋ" ಅಂದ್ರು.

ಏನಾಯ್ತು ಅಂದ್ರೆ ಏರಿ ಮೇಲೆ ಕಲ್ಲಿನ ಮೇಲೆ ಕೂತು ಬರೀತಾ ಇದ್ರಂತೆ, ಹಿಂದಿನಿಂದ ಕುರಿ ಹಿಂಡು ಬಂದು ಸುತ್ತ ಮುತ್ಕೊಂಡ್ತಂತೆ, ಅದರಲ್ಲಿ ಒಂದು ಬ್ರಷ್ ತೊಳೆಯೋ ನೀರಿನ ಡಬ್ಬಿ ಒದ್ದು ಆ ನೀರೆಲ್ಲ ತೊಡೆ ಮೇಲಿದ್ದ ಕಾಗದಕ್ಕೆ ಚೆಲ್ಲಿಬಿಡ್ತಂತೆ. ಎಡಗಡೆ ಕೆಳಗಿನ ಬೂದು ಅದೇ. ಕೆರೆನೂ ಅಲ್ಲ, ಮಂಜೂ ಅಲ್ಲ. ಬಾಟ್ಲೀಲಿ ಇದ್ದ ಇನ್ನೊಂದಿಷ್ಟು ನೀರು ಮುಂಚೆನೇ ಕುಡಿದು ಮುಗಿಸಿದ್ರಂತೆ. ಕೆರೆಗೆ ಇಳಿದು ತರೋಣ ಅಂದ್ರೆ ಮಂಡಿ ನೋವು. ಕುರಿ ಕಾಯೋನು ಪಾಪ ನಾನು ತಂದ್ಕೊಡ್ತೀನಿ ಸಾಮಿ ಅಂದ್ನಂತೆ, ಅಷ್ಟರಲ್ಲಿ ಬಿಸಿಲೂ ಏರಿತ್ತು, ಬೇಡ ಬಿಡಪ್ಪ ಅಂತ ಎದ್ದು ಬಂದ್ರಂತೆ. ತುದಿ ಎಲೆ ಅಲ್ಲಿಗೇ ನಿಂತ್ಹೋಯ್ತು.

ಕೊಬ್ಬರಿಸೀಮೆ:

ಅರ್ಧಕ್ಕೆ ಬಿಟ್ಟಿರೋ ಚಿತ್ರ ಅಂತ ನಾನು ಮೊದಲ್ನೇ ದಿನವೇ ಹೇಳಿದ್ದೆ. ಯಾರಾದ್ರೂ ಕೇಳಿದ್ರಾ? ಕಂಪೋಸಿಷನ್ ಮಾಡಿದ್ದು ಕುರಿ, ಕೆಳಗೆ ಅದರದ್ದೂ ಒಂದು ಸೈನ್ ಹಾಕ್ಸಿ.

ಮಾವಿನತೋಪು:

ಬರೀ ಉಸಿರು ಅಂತೆ 🤣🤣🤣 ಮಂಜಣ್ಣ ಎಲ್ಲಿದ್ದೀಯ

ಬೆಟ್ಟದ ಮಂಜು:

ಇಲ್ಲೇ ಇದ್ದೀನಿ, ನಗ್ತಾ ಇದ್ದೀನಿ. ಒಪ್ಕೊಂಡೆ, ಸೋತೆ. ಹುಣಸೆಮರದಡಿ ಮೇಡಂ ಅಂಚು ನೋಡಿ ಹೇಳಿದ್ದೇ ಸರಿ. ಆದ್ರೂ ಆ ಕುರಿ ಸರಿಯಾದ ಜಾಗಕ್ಕೇ ಚೆಲ್ಲಿದೆ ಅಂತ ನನ್ನ ವಾದ, ಬಲಗಡೆ ಚೆಲ್ಲಿದ್ರೆ ಚಿತ್ರ ಮುಳುಗಿಹೋಗ್ತಿತ್ತು.

ಹುಣಸೆಮರದಡಿ:

ಒಂದು ಕೇಳೋದು ಮರ್ತ್ರಿ ಅಣ್ಣ. ಮನೆಗೆ ಹೋದ್ಮೇಲೆ ಒಂದು ಲೋಟ ನೀರು ಇಟ್ಕೊಂಡು ಆ ಒಂದು ಎಲೆ ಮುಗಿಸೋಕೆ ಎರಡು ನಿಮಿಷ ಸಾಕಿತ್ತು. ಹಸಿರು ಹೆಂಗೆ ಅಂತ ಪಕ್ಕದ ಎಲೆ ನೋಡಿದ್ರೆ ಗೊತ್ತಾಗುತ್ತೆ. ಇಷ್ಟು ವರ್ಷ ಇತ್ತು ಅವ್ರ ಹತ್ರ. ಯಾಕೆ ಮುಗಿಸ್ಲಿಲ್ಲ?

ಗುಬ್ಬಿಗೇಟ್‌ನವನು:

ಮರೀಲಿಲ್ಲ ಅಕ್ಕ, ಕೇಳಿದೆ. "ಮನೇಲಿ ಹೊಂಗೆ ಮರ ಎಲ್ಲೈತಪ್ಪ" ಅಂದ್ರು. ಅಷ್ಟೇ ಹೇಳಿ, ಅಂಚು ಕತ್ತರಿಸ್ಬೇಡ, ಆದ್ರೆ ಅದರಲ್ಲಿ ಕುರಿ ಅಂತ ಬರೆಯೋದು ಬಿಟ್ಟೋಗೈತೆ, ಬೇಕಾದ್ರೆ ನೀನೇ ಬರ್ಕೋ ಅಂದ್ರು.

ನಾನು ಬರೀಲಿಲ್ಲ. ಶನಿವಾರ ಬೇರೆ ಅಂಗಡಿಗೆ ತಗೊಂಡ್ ಹೋಗ್ತಾ ಇದ್ದೀನಿ, ಗಾಜುಕತ್ತರಿಯಣ್ಣನ ಪಟ್ಟಿ ಪ್ರಿಂಟ್ ಹಾಕ್ಸಿಟ್ಕೊಂಡಿದ್ದೀನಿ. ಹಾಲ್‌ಗೆ ಸಾಯಂಕಾಲ ಬಿಸಿಲು ಬೀಳುತ್ತೆ, ಹಂಗಾಗಿ ದೇವರ ಮನೆ ಪಕ್ಕದ ಗೋಡೆ ಅಂತ ನಮ್ಮನೆಯವ್ರು ತೀರ್ಮಾನ ಮಾಡವ್ರೆ, ಅಲ್ಲಿದ್ದ ಗಡಿಯಾರ ಇವತ್ತು ಇಳಿಸಿದ್ವಿ.